ಕಾಗದದಲ್ಲಿ ಬೈಬಲ್ ಕಥೆ: ಭಾನುವಾರದ ಶಾಲೆಯ ಶಿಕ್ಷಕರಿಗೆ ಹಂತಹಂತದ ಮಾರ್ಗದರ್ಶಿ

ತರಗತಿ ಮುಗಿಯಲು ಇನ್ನು ಐದು ನಿಮಿಷ. ಮೇಜಿನ ಮೇಲೆಲ್ಲ ಅಂಟು ಹರಡಿದೆ, ಅರ್ಧ ಮಕ್ಕಳ ಕೈಯಲ್ಲಿ ಮೀನಿನ ಬಾಲವಿದೆ, ತಲೆಯಿಲ್ಲ. ಹೊರಗೆ ಆರಾಧನೆ ಮುಗಿದು ತಂದೆತಾಯಿ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಶಿಕ್ಷಕಿ ಉಳಿದ ತುಂಡುಗಳನ್ನು ತಾವೇ ಅಂಟಿಸಿ ಕೊಟ್ಟು ಕಳುಹಿಸುತ್ತಾರೆ. ಮನೆಯಲ್ಲಿ ಅಜ್ಜಿ "ಇವತ್ತು ಏನು ಕಲಿತೆ?" ಎಂದು ಕೇಳಿದರೆ ಮಗು "ಮೀನು ಮಾಡಿದೆ" ಎನ್ನುತ್ತದೆ. ಆ ಮೀನು ನುಂಗಿದ ಯೋನನ ಹೆಸರೇ ಅದರ ಬಾಯಿಗೆ ಬರುವುದಿಲ್ಲ.

ಭಾನುವಾರದ ಶಾಲೆಯಲ್ಲಾಗಲಿ, ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಾಗಲಿ, ನನ್ನ ಬಳಿ ಬರುವ ಶಿಕ್ಷಕರೆಲ್ಲ ಎಡವುವುದು ಇಲ್ಲಿಯೇ. ಅವರ ಕೈಚಳಕಕ್ಕೆ ಕೊರತೆಯಿಲ್ಲ, ತಪ್ಪಿರುವುದು ಕೆಲಸದ ಕ್ರಮ. ಕಥೆ ಎಲ್ಲಿ ತಿರುಗುತ್ತದೆಯೋ ಅಲ್ಲಿಯೇ ಕಾಗದವೂ ಚಲಿಸಬೇಕು. ಕಾಗದವನ್ನು ಎಳೆದಾಗ, ತೆರೆದಾಗ ಅಥವಾ ಉರುಳಿಸಿದಾಗ ಮಗುವಿನ ಬಾಯಲ್ಲಿ ಕಥೆಯ ಮುಖ್ಯ ಮಾತು ಬರಬೇಕು. ಹಾಗೆ ಬರದಿದ್ದರೆ ಆ ಕರಕುಶಲ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಕೆಳಗಿನ ಹಂತಗಳನ್ನೆಲ್ಲ ಈ ಒಂದು ಅಳತೆಗೋಲಿನಿಂದಲೇ ಆರಿಸಿದ್ದೇನೆ.

1. ಮೊದಲು ಕಥೆಯ ತಿರುವನ್ನು ಹುಡುಕಿ

ಕತ್ತರಿ ಹಿಡಿಯುವ ಮೊದಲು ಬೈಬಲ್ ತೆರೆದು ಆ ಭಾಗವನ್ನು ಎರಡು ಬಾರಿ ಓದಿ. ನೆನಪಿನಲ್ಲಿರುವ ಕಥೆಯೂ ಪುಟದಲ್ಲಿರುವ ಕಥೆಯೂ ಎಷ್ಟೋ ಸಲ ಬೇರೆಯಾಗಿರುತ್ತವೆ. ಯೋನನನ್ನು ನುಂಗಿದ್ದು ತಿಮಿಂಗಿಲ ಎಂದು ತಲೆಯ ಮೇಲೆ ನೀರಿನ ಕಾರಂಜಿ ಬರೆಯುತ್ತೇವೆ, ಗ್ರಂಥದಲ್ಲಿರುವುದು "ದೊಡ್ಡ ಮೀನು" ಎಂದಷ್ಟೇ. ನೋಹನ ನಾವೆಗೆ ಎಲ್ಲ ಪ್ರಾಣಿಗಳೂ ಎರಡೆರಡೇ ಬಂದವು ಎನ್ನುತ್ತೇವೆ, ಆದಿಕಾಂಡ 7:2ರಲ್ಲಿ ಶುದ್ಧ ಪ್ರಾಣಿಗಳಿಗೆ ಏಳರ ಲೆಕ್ಕವಿದೆ.

ಓದಿದ ಮೇಲೆ ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಿರಿ: ಈ ಕಥೆಯಲ್ಲಿ ಯಾವ ಗಳಿಗೆಯಿಂದ ಎಲ್ಲವೂ ಬದಲಾಗುತ್ತದೆ? ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯಲ್ಲಿ ಅವನು ಯೇಸುವನ್ನು ನೋಡಲು ಮರ ಹತ್ತಿದ್ದೇ ಮುಖ್ಯ ಎಂದು ಬಹಳ ಜನ ಬರೆಯುತ್ತಾರೆ. ಲೂಕ 19:5 ನೋಡಿ. ಯೇಸು ಮರದ ಕೆಳಗೆ ನಿಂತು, ಹೆಸರು ಹಿಡಿದು ಕರೆದು, ಬೇಗ ಇಳಿದು ಬಾ ಎನ್ನುತ್ತಾನೆ. ಜಕ್ಕಾಯ ತನ್ನ ಇಷ್ಟದಿಂದ ಹತ್ತಿದವನು, ಕರೆ ಕೇಳಿ ಇಳಿದವನು. ಆದ್ದರಿಂದ ನಿಮ್ಮ ಕಾಗದದ ಜಕ್ಕಾಯ ಕೆಳಗೆ ಇಳಿಯಲೇಬೇಕು. ಮರದ ತುದಿಗೆ ಅಂಟಿಸಿ ಬಿಟ್ಟ ಜಕ್ಕಾಯನಿಂದ ಕಥೆ ಅರ್ಧಕ್ಕೇ ನಿಲ್ಲುತ್ತದೆ.

2. ಸಾಮಗ್ರಿ: ಕೊಳ್ಳುವುದಕ್ಕಿಂತ ಕೂಡಿಡುವುದೇ ಹೆಚ್ಚು

ಎ4 ಹಾಳೆ, ಚಾರ್ಟ್ ಪೇಪರ್, ಮೊಂಡು ತುದಿಯ ಕತ್ತರಿ, ಪೆನ್ಸಿಲ್, ಸ್ಕೇಲ್, ಬಣ್ಣದ ಕ್ರೇಯಾನ್, ಗ್ಲೂ ಸ್ಟಿಕ್ ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ದಪ್ಪ ಕಾಗದ ಬೇಕಾದಾಗ ಹಳೆಯ ಮದುವೆ ಕರೆಯೋಲೆಗಳನ್ನು ಬಳಸಿ. ಗಟ್ಟಿಯಾಗಿರುತ್ತವೆ, ಮಡಿಚಿದರೆ ಸೀಳುವುದಿಲ್ಲ. ನಿಮ್ಮ ಸಭೆಯವರಿಗೆ ಒಂದು ಮಾತು ಹೇಳಿದರೆ ವರ್ಷಕ್ಕಾಗುವಷ್ಟು ಸೇರುತ್ತವೆ. ಮುಗಿದ ನೋಟ್‌ಬುಕ್ಕಿನ ರಟ್ಟು, ಮಡಿಕೆಯ ಗೆರೆ ಕೊರೆಯಲು ಇಂಕು ಮುಗಿದ ಬಾಲ್‌ಪೆನ್ನು ಇವೂ ಇರಲಿ.

ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಮರಗೆಲಸಕ್ಕೂ ಬಳಸುವ ಬಿಳಿ ಅಂಟು ತೆಳು ಕಾಗದವನ್ನು ತೋಯಿಸಿ ಸುಕ್ಕಾಗಿಸುತ್ತದೆ, ಒಣಗಲು ಸಮಯವೂ ಬೇಕು. ಅದು ರಟ್ಟಿಗೆ ಸರಿ, ಎ4 ಹಾಳೆಗೆ ಬೇಡ. ಗ್ಲೂ ಸ್ಟಿಕ್ ಸಿಗದಿದ್ದರೆ ಮೈದಾ ಅಂಟು ಸಾಕು. ಒಂದು ಚಮಚ ಮೈದಾಕ್ಕೆ ಐದು ಚಮಚ ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತಾ, ಬಿಳುಪು ಹೋಗಿ ಹೊಳಪು ಬರುವವರೆಗೆ ಕಾಯಿಸಿ ಆರಿಸಿ. ಹುಳ ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಮಕ್ಕಳ ಕೈಗೆ ಕೊಡುವ ಅಂಟಿಗೆ ಅದನ್ನು ಎಂದೂ ಸೇರಿಸಬೇಡಿ, ಅದು ವಿಷ. ಆ ದಿನ ಮಾಡಿದ್ದನ್ನು ಆ ದಿನವೇ ಮುಗಿಸಿ.

ಕಾಗದದ ನಾರು ಯಾವ ದಿಕ್ಕಿಗಿದೆ ಎಂದು ನೋಡುವುದನ್ನೂ ಕಲಿಯಿರಿ. ಹಾಳೆಯನ್ನು ಮೊದಲು ಉದ್ದಕ್ಕೆ, ನಂತರ ಅಡ್ಡಕ್ಕೆ ಹಗುರವಾಗಿ ಬಾಗಿಸಿ. ಯಾವ ಕಡೆ ಸುಲಭವಾಗಿ ಬಾಗುತ್ತದೆಯೋ ಆ ಮಡಿಕೆ ನಾರಿನ ಉದ್ದಕ್ಕೆ ಬೀಳುತ್ತದೆ, ಅಲ್ಲಿ ಮಡಿಕೆ ನೇರವಾಗಿ ಬರುತ್ತದೆ. ಎಳೆಯುವ ಪಟ್ಟಿಯ ಉದ್ದವೂ ನಾರಿನ ದಿಕ್ಕಿಗೇ ಇರಬೇಕು. ಅಡ್ಡನಾರಿನ ಪಟ್ಟಿ ನಡುವೆಯೇ ಕುಸಿಯುತ್ತದೆ.

3. ಮಾದರಿ ಮಾಡಿ, ಗಡಿಯಾರ ನೋಡಿ

ಶನಿವಾರ ರಾತ್ರಿ ಒಂದನ್ನು ಪೂರ್ತಿಯಾಗಿ ಮಾಡಿ ನೋಡದೆ ಭಾನುವಾರ ಮಕ್ಕಳ ಮುಂದೆ ನಿಲ್ಲಬೇಡಿ. ಮಕ್ಕಳು ಬಳಸುವ ಕತ್ತರಿ, ಮಕ್ಕಳು ಬಳಸುವ ಅಂಟನ್ನೇ ನೀವೂ ಬಳಸಿ. ನಿಮಗೆ ಹತ್ತು ನಿಮಿಷ ಹಿಡಿದರೆ ಏಳೆಂಟು ವರ್ಷದ ಮಕ್ಕಳ ಗುಂಪಿಗೆ ಅರ್ಧ ಗಂಟೆ ಬೇಕು. ಒಂದು ಗಂಟೆಯ ತರಗತಿಯಲ್ಲಿ ಕಥೆಗೆ 15, ಕೈಕೆಲಸಕ್ಕೆ 25, ಮಕ್ಕಳು ಕಥೆಯನ್ನು ತಿರುಗಿ ಹೇಳುವುದಕ್ಕೆ 15, ಕಸ ಎತ್ತಲು 5 ನಿಮಿಷ ಇಡಿ. ಕೈಕೆಲಸ 25 ನಿಮಿಷ ಮೀರುವಂತಿದ್ದರೆ ಅದರ ಒಂದು ಭಾಗವನ್ನು ನೀವೇ ಮೊದಲೇ ಮಾಡಿಟ್ಟುಕೊಳ್ಳಿ. ತಿರುಗಿ ಹೇಳುವ ಸಮಯವನ್ನು ಮಾತ್ರ ಯಾವ ಕಾರಣಕ್ಕೂ ಕಡಿತ ಮಾಡಬೇಡಿ.

ನಾಲ್ಕರಿಂದ ಆರು ವರ್ಷದವರಿಗೆ ಹರಿಯುವುದು, ಅಂಟಿಸುವುದು, ಬಣ್ಣ ಹಚ್ಚುವುದಷ್ಟೇ ಸಾಕು, ಕತ್ತರಿಸುವ ಕೆಲಸ ನಿಮ್ಮದು. ಏಳರಿಂದ ಒಂಬತ್ತರವರು ಗೆರೆಯ ಮೇಲೆ ಕತ್ತರಿಸಬಲ್ಲರು. ಅದಕ್ಕೂ ದೊಡ್ಡವರ ಕೈಗೆ ಸ್ಕೇಲ್ ಕೊಡಿ, ಅಳೆಯುವ ಕೆಲಸ ಅವರಿಗೆ ಹಿಡಿಸುತ್ತದೆ.

ಪ್ರತಿ ಮಗುವಿಗೂ ಬೇಕಾದ ತುಂಡುಗಳನ್ನು ಒಂದೊಂದು ಹಳೆಯ ಲಕೋಟೆಯಲ್ಲಿ ಹಾಕಿಡಿ. ಮಕ್ಕಳ ಸಂಖ್ಯೆಗಿಂತ ಮೂರು ಲಕೋಟೆ ಹೆಚ್ಚಿರಲಿ. ಹೊಸ ಮಗು ಬಂದೇ ಬರುತ್ತದೆ, ಒಂದೆರಡು ಹರಿದೇ ಹರಿಯುತ್ತವೆ.

4. ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಅತಿ ಹೆಚ್ಚು ಹಾಳೆ ಹಾಳಾಗುವುದು ಈ ಕ್ರಮ ತಪ್ಪಿದ್ದರಿಂದ. ಕಾಗದದ ಯಾವ ಕೆಲಸಕ್ಕೂ ಇದೇ ಸರದಿ: ಹಿಂಬದಿಯಲ್ಲಿ ಹೆಸರು, ಬಣ್ಣ, ಮಡಿಕೆ, ಒಳಗಿನ ಸೀಳುಗಳು, ಹೊರಗಿನ ಆಕಾರ, ಕೊನೆಗೆ ಅಂಟು.

ಹೆಸರನ್ನು ಮೊದಲೇ ಬರೆಸಿ, ಇಲ್ಲದಿದ್ದರೆ ಕೊನೆಯಲ್ಲಿ ಎರಡು ಮಕ್ಕಳು ಒಂದೇ ಮೀನಿಗಾಗಿ ಅಳುತ್ತಾರೆ. ಬಣ್ಣವನ್ನು ಕತ್ತರಿಸುವ ಮೊದಲೇ ಹಚ್ಚಿಸಿ. ಕತ್ತರಿಸಿದ ಸಣ್ಣ ತುಂಡಿಗೆ ಹಚ್ಚಲು ಹೋದರೆ ಅದು ಕೈಯಡಿಯಲ್ಲಿ ಜಾರುತ್ತದೆ, ಅಂಚು ಮುದುಡುತ್ತದೆ. ಹೊರ ಆಕಾರಕ್ಕಿಂತ ಒಳಗಿನ ಸೀಳು ಮೊದಲು ಏಕೆಂದರೆ ದೊಡ್ಡ ಹಾಳೆಯನ್ನು ಹಿಡಿದುಕೊಳ್ಳುವುದು ಸಣ್ಣ ಕೈಗೆ ಸುಲಭ. ಅಂಟು ಬಾಟಲಿಯನ್ನು ಕೈಕೆಲಸದ ಕೊನೆಯ ಹತ್ತು ನಿಮಿಷದವರೆಗೆ ಮೇಜಿನ ಮೇಲೆ ಇಡಲೇಬೇಡಿ. ಕಣ್ಣಿಗೆ ಬಿದ್ದರೆ ಮಕ್ಕಳು ಅದನ್ನೇ ಮೊದಲು ಎತ್ತಿಕೊಳ್ಳುತ್ತಾರೆ.

ಏಪ್ರಿಲ್‌–ಮೇ ತಿಂಗಳ ರಜಾ ಶಾಲೆಯಲ್ಲಿ ಮೇಲಿನ ಫ್ಯಾನು ನಿಲ್ಲಿಸಲಾಗದು, ತುಂಡುಗಳೆಲ್ಲ ಹಾರುತ್ತವೆ. ಪ್ರತಿ ಮಗುವಿಗೂ ಒಂದು ನುಣುಪಾದ ಕಲ್ಲು ಕೊಡಿ. ದಾವೀದ ಗೊಲ್ಯಾತನನ್ನು ಎದುರಿಸಲು ಐದು ನುಣುಪು ಕಲ್ಲು ಆರಿಸಿಕೊಂಡ ಕಥೆಯ ದಿನ ಐದು ಕಲ್ಲು ಕೊಟ್ಟರೆ ಅದೇ ಪಾಠವೂ ಆಗುತ್ತದೆ.

5. ಇಳಿದು ಬರುವ ಜಕ್ಕಾಯ

ನಾನು ಹೊಸ ಶಿಕ್ಷಕರಿಗೆ ಮೊದಲು ಕಲಿಸುವುದು ಇದನ್ನು. ಬೇಕಾದದ್ದು ಎ4 ಅಳತೆಯ ದಪ್ಪ ಹಾಳೆಯ ಅರ್ಧ, 2 ಸೆಂ.ಮೀ. ಅಗಲ ಮತ್ತು 29 ಸೆಂ.ಮೀ. ಉದ್ದದ ಪಟ್ಟಿ, 4 ಸೆಂ.ಮೀ. ಎತ್ತರ ಮತ್ತು 3 ಸೆಂ.ಮೀ. ಅಗಲದ ಜಕ್ಕಾಯ.

ಮೊದಲ ಹಂತ: ಅರ್ಧ ಹಾಳೆಯನ್ನು ನಿಲುವಾಗಿ ಇಟ್ಟು ನಡುವೆ 5 ಸೆಂ.ಮೀ. ಅಗಲದ ಕಾಂಡವಿರುವ ಮರ ಬರೆಸಿ. ಆ ಮರ ನಮ್ಮ ಅತ್ತಿಯ ಬಳಗದ್ದು, ಕಾಯಿ ಕಾಂಡಕ್ಕೇ ಗೊಂಚಲಾಗಿ ಹತ್ತಿಕೊಳ್ಳುತ್ತದೆ. ಅತ್ತಿಮರ ಕಂಡ ಹಳ್ಳಿಯ ಮಗುವಿಗೆ ಇದನ್ನು ಹೇಳಿದ ಕೂಡಲೇ ಈ ಕಥೆ ನಡೆದ ಯೆರಿಕೋ ಪಟ್ಟಣ ಪಕ್ಕದ ಊರಾಗುತ್ತದೆ. ಕಾಂಡದ ಎರಡೂ ಅಂಚಿಗೆ ಕೆಂಪು ಚುಕ್ಕೆಗಳನ್ನು ಮಕ್ಕಳೇ ಇಡಲಿ.

ಎರಡನೆಯ ಹಂತ: ಹಾಳೆಯನ್ನು ಉದ್ದಕ್ಕೆ ಸರಿಯಾಗಿ ಎರಡಾಗಿ ಮಡಿಸಿ. ಮೇಲಂಚಿನಿಂದ 5 ಸೆಂ.ಮೀ. ಮತ್ತು 14 ಸೆಂ.ಮೀ. ದೂರದಲ್ಲಿ ಮಡಿಕೆಯ ಮೇಲೆ ಗುರುತು ಹಾಕಿ. ಎರಡೂ ಗುರುತಿನಲ್ಲಿ ಮಡಿಕೆಯಿಂದ ಒಳಕ್ಕೆ 1.2 ಸೆಂ.ಮೀ. ಕತ್ತರಿಸಿ, ಒಂದೆರಡು ಮಿಲಿಮೀಟರ್ ಅಗಲದ ಸಣ್ಣ ಎಳೆ ತೆಗೆದುಹಾಕಿ. ಬಿಡಿಸಿದರೆ 2.4 ಸೆಂ.ಮೀ. ಅಗಲದ ಎರಡು ಅಡ್ಡ ಸೀಳುಗಳು ಸಿಗುತ್ತವೆ. ಬ್ಲೇಡು ಬೇಡವೇ ಬೇಡ.

ಮೂರನೆಯ ಹಂತ: ಪಟ್ಟಿಯನ್ನು ಹಿಂದಿನಿಂದ ಮೇಲಿನ ಸೀಳಿನಲ್ಲಿ ತೂರಿಸಿ ಮುಂದಕ್ಕೆ ತನ್ನಿ, ಕೆಳಗಿನ ಸೀಳಿನಿಂದ ಮತ್ತೆ ಹಿಂದಕ್ಕೆ ಕಳುಹಿಸಿ. ಮೇಲೂ ಕೆಳಗೂ ಸುಮಾರು 4 ಸೆಂ.ಮೀ. ಹೊರಗೆ ಉಳಿಯಬೇಕು.

ನಾಲ್ಕನೆಯ ಹಂತ: ಮುಂದೆ ಕಾಣುವ ಪಟ್ಟಿಯ ಅಡಿಗೆ ಒಂದು ರದ್ದಿ ಚೂರು ತೂರಿಸಿ. ಜಕ್ಕಾಯನ ಬೆನ್ನಿಗೆ ಕಡಲೆಕಾಳಿನಷ್ಟು ಅಂಟು ಇಟ್ಟು ಪಟ್ಟಿಯ ನಟ್ಟನಡುವೆ ಒತ್ತಿ. ಒಣಗಿದ ಮೇಲೆ ರದ್ದಿ ಚೂರನ್ನು ಎಳೆದು ತೆಗೆಯಿರಿ. ಈ ಚೂರು ಇಡದ ತರಗತಿಯಲ್ಲಿ ಜಕ್ಕಾಯ ಕಾಂಡಕ್ಕೇ ಅಂಟಿ ಕೂರುತ್ತಾನೆ. ನನ್ನ ಮೊದಲ ವರ್ಷ ಹದಿನಾಲ್ಕು ಮಕ್ಕಳ ಪೈಕಿ ಒಂಬತ್ತು ಮಕ್ಕಳ ಜಕ್ಕಾಯ ಇಳಿಯಲೇ ಇಲ್ಲ. ಒಬ್ಬ ಹುಡುಗ ಪಟ್ಟಿ ಹರಿಯುವವರೆಗೆ ಎಳೆದು, ನನ್ನ ಮುಖ ನೋಡಿ, "ಇವನಿಗೆ ಕೇಳಿಸಲಿಲ್ಲ" ಎಂದ. ಅಂದಿನಿಂದ ರದ್ದಿ ಚೂರನ್ನು ಲಕೋಟೆಯಲ್ಲೇ ಹಾಕಿಡುತ್ತೇನೆ.

ಪಟ್ಟಿ ಬಿಗಿಯಾದರೆ ಬಲವಾಗಿ ಎಳೆಯಬೇಡಿ, ಸೀಳನ್ನು ಎರಡು ಮಿಲಿಮೀಟರ್ ಅಗಲಿಸಿ. ಜಕ್ಕಾಯ ಸೀಳಿನೊಳಗೆ ನುಸುಳಿ ಮಾಯವಾದರೆ ಅವನ ಅಗಲ ಕಡಿಮೆಯಾಗಿದೆ, ಅಕ್ಕಪಕ್ಕ ಚಾಚಿದ ಕೈ ಅಂಟಿಸಿದರೆ ಸರಿಹೋಗುತ್ತದೆ.

ಕಥೆ ಹೇಳುವಾಗ ಎಲ್ಲರ ಜಕ್ಕಾಯನೂ ಮೇಲಿರಲಿ. ಕರೆಯುವ ಮಾತು ಬಂದಾಗ ಮಾತ್ರ ಎಳೆಯಬೇಕು. ಇಳಿದ ಮೇಲೆ ಹಾಳೆ ತಿರುಗಿಸಿ, ಅವನು ಕೊಟ್ಟ ಮಾತನ್ನು ಹಿಂಬದಿಯಲ್ಲಿ ಬರೆಸಿ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು.

6. ಯೋನ ಮತ್ತು ದೊಡ್ಡ ಮೀನು

ಎ4 ಹಾಳೆಯನ್ನು ಎರಡಾಗಿ ಮಡಿಸಿದರೆ 21 ಸೆಂ.ಮೀ. ಉದ್ದದ ಮಡಿಕೆ ಸಿಗುತ್ತದೆ. ಅದೇ ಮೀನಿನ ಬೆನ್ನು. ಮಡಿಕೆಯ ಉದ್ದಕ್ಕೂ ಪೆನ್ಸಿಲಿನಿಂದ ದಪ್ಪ ಗೆರೆ ಎಳೆಸಿ, "ಬೆನ್ನು, ಕತ್ತರಿಸಬಾರದು" ಎಂದು ಬರೆಸಿ. ಇದನ್ನು ಹೇಳದಿದ್ದರೆ ಮಕ್ಕಳು ಸುತ್ತಲೂ ಕತ್ತರಿಸಿ ಎರಡು ಬಿಡಿ ಮೀನುಗಳನ್ನು ಮಾಡಿಬಿಡುತ್ತಾರೆ. ಕತ್ತರಿ ಬೆನ್ನಿನ ಕಡೆ ಹೊರಟಿದ್ದು ಕಂಡರೆ ತಕ್ಷಣ ನಿಲ್ಲಿಸಿ.

ಮೊದಲು ಬಣ್ಣ ಹಚ್ಚಿ, ಹೊಟ್ಟೆ ಮತ್ತು ಬಾಲದ ಆಕಾರ ಕತ್ತರಿಸಿ. ಒಳಗೆ ಹೊಟ್ಟೆಯ ಅಂಚಿಗೂ ಬಾಲಕ್ಕೂ ಒಂದು ಬೆರಳಗಲ ಮಾತ್ರ ಅಂಟು. ಬಾಯಿಯ ಕಡೆ ಕನಿಷ್ಠ 6 ಸೆಂ.ಮೀ. ತೆರೆದೇ ಇರಬೇಕು. ಅಂಟು ಹಚ್ಚುವ ಮೊದಲು ಬಾಯಿಯ ಜಾಗಕ್ಕೆ ಪ್ರತಿ ಮಗುವೂ ಬೆರಳಿಟ್ಟು ತೋರಿಸಲಿ.

ಯೋನನನ್ನು 4 ಸೆಂ.ಮೀ. ಅಗಲದ ತುಂಡಿನಲ್ಲಿ ಬರೆದು, ಪದರಪದರವಾಗಿ ಮಡಿಚಿ ಗಟ್ಟಿ ಮಾಡಿದ ಕಾಗದದ ಪಟ್ಟಿಯ ತುದಿಗೆ ಕಾಲಿನ ಕಡೆಯಿಂದ ಅಂಟಿಸಿ. ಪೊರಕೆ ಕಡ್ಡಿ ಬೇಡ, ಪಕ್ಕದ ಮಗುವಿನ ಕಣ್ಣಿಗೆ ತಾಗೀತು. ಪಟ್ಟಿಯ ಮೇಲೆ ಮೂರು ಗೆರೆ ಹಾಕಿ, ಅವೇ ಮೂರು ಹಗಲು ಮೂರು ರಾತ್ರಿ. ಯೋನ ಒಳಗೆ ಹೋಗುವಾಗ ಒಂದೊಂದು ಗೆರೆಗೂ ಎಣಿಸಬೇಕು.

ಮೂರನೆಯ ಗೆರೆಯೂ ಒಳಗೆ ಹೋದ ಮೇಲೆ ಒಂದು ನಿಮಿಷ ಎಲ್ಲರೂ ಮೌನವಾಗಿರಲಿ. ಯೋನನ ಎರಡನೆಯ ಅಧ್ಯಾಯವೆಲ್ಲ ಆ ಹೊಟ್ಟೆಯೊಳಗಿನ ಪ್ರಾರ್ಥನೆಯೇ. ಓಡಿಹೋದವನು ಕತ್ತಲಲ್ಲಿ ದೇವರ ಕಡೆ ತಿರುಗಿದ್ದು ಆಗ. ಹೊರಗೆ ಎಳೆದ ಮೇಲೆ ಪಾಠ ಮುಗಿಯಿತೆಂದು ಹಾಳೆ ಎತ್ತಿಡಬೇಡಿ, ದೇವರು ಮೊದಲೇ ಹೋಗೆಂದಿದ್ದ ನಿನೆವೆ ಪಟ್ಟಣಕ್ಕೆ ಹೋಗುವುದು ಇನ್ನೂ ಬಾಕಿಯಿದೆ. ಗೋಡೆಯ ಒಂದು ಮೂಲೆಗೆ ನಿನೆವೆ ಎಂದು ಚೀಟಿ ಅಂಟಿಸಿದರೆ ಮಕ್ಕಳು ತಮ್ಮ ಯೋನನನ್ನು ಹಿಡಿದು ಅಲ್ಲಿಯವರೆಗೆ ನಡೆದು ಬರುತ್ತಾರೆ.

7. ಉರುಳುವ ಕಲ್ಲು

ಈಸ್ಟರ್ ಪಾಠಕ್ಕೆ ಬಹಳ ಜನ ಯೇಸುವಿನ ಸಮಾಧಿಯ ಬಾಗಿಲಿನ ಕಲ್ಲನ್ನು ಪಿನ್ನು ಚುಚ್ಚಿ ಕೂರಿಸುತ್ತಾರೆ. ಅದು ಬಾಗಿಲಿನಂತೆ ಓರೆಯಾಗುತ್ತದೆ, ಉರುಳುವುದಿಲ್ಲ. ಎ4 ದಪ್ಪ ಹಾಳೆಯನ್ನು ಅಡ್ಡಲಾಗಿ ಇಟ್ಟು, ಕೆಳಗಿನ 2 ಸೆಂ.ಮೀ. ಅನ್ನು ಮುಂದಕ್ಕೆ ಮೇಲ್ಮುಖವಾಗಿ ಮಡಿಸಿ ಎರಡು ತುದಿಗೆ ಸ್ಟೇಪಲ್ ಹಾಕಿದರೆ ಒಂದು ಜಾಡು ಸಿಗುತ್ತದೆ. ಎಡಭಾಗದಲ್ಲಿ, ಜಾಡಿನ ಅಂಚಿಗೆ ತಾಗಿದಂತೆ, 5 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಬಾಗಿಲು ಕತ್ತರಿಸಿ. ಇದನ್ನು ಮಡಿಸುವ ಮೊದಲೇ ನೀವು ಕತ್ತರಿಸಿಟ್ಟಿರಬೇಕು. ನೋಟ್‌ಬುಕ್ ರಟ್ಟಿನಲ್ಲಿ 9 ಸೆಂ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ ಜಾಡಿನಲ್ಲಿ ನಿಲ್ಲಿಸಿ. ಬಾಗಿಲು ಪೂರ್ತಿ ಮುಚ್ಚುತ್ತದೆ, ಬೆರಳಿನಿಂದ ಬಲಕ್ಕೆ ತಳ್ಳಿದರೆ ಉರುಳುತ್ತದೆ. ತೆಳು ಕಾಗದದ ಬಿಲ್ಲೆ ಬಾಗಿ ಬೀಳುತ್ತದೆ, ಅದಕ್ಕಾಗಿಯೇ ರಟ್ಟು. ಸ್ಟೇಪಲ್ ಪಿನ್ನಿನ ಕಾಲುಗಳ ಮೇಲೆ ಟೇಪು ಹಚ್ಚುವುದನ್ನು ಮರೆಯಬೇಡಿ.

ಬಾಗಿಲಿನ ಹಿಂದೆ ಅಂಟಿಸುವ ಚೂರಿನಲ್ಲಿ ಯೇಸುವಿನ ಚಿತ್ರ ಬೇಡ. ಯೋಹಾನ 20ರಲ್ಲಿ ಶಿಷ್ಯರಿಗೆ ಸಮಾಧಿಯೊಳಗೆ ಕಂಡದ್ದು ನಾರುಬಟ್ಟೆಗಳು ಮಾತ್ರ. ಬಿದ್ದಿರುವ ಬಟ್ಟೆಯನ್ನಷ್ಟೇ ಬರೆಸಿ. ಕಲ್ಲು ಉರುಳಿಸಿದ ಮಗು ಒಳಗೆ ಇಣುಕಿ "ಇಲ್ಲ!" ಎಂದು ತಾನಾಗಿ ಕೂಗುತ್ತದೆ. ಆ ಒಂದು ಕೂಗಿಗಾಗಿ ಶನಿವಾರ ರಾತ್ರಿ ಎಷ್ಟು ಬಿಲ್ಲೆ ಕತ್ತರಿಸಿದರೂ ಬೇಸರವಿಲ್ಲ.

8. ದೊಡ್ಡ ಮಕ್ಕಳಿಗೆ: ಅಳತೆಯ ನಾವೆ

ಹತ್ತು ವರ್ಷ ದಾಟಿದವರಿಗೆ ಪ್ರಾಣಿಗಳ ಚಿತ್ರ ಕತ್ತರಿಸುವುದು ಮಕ್ಕಳಾಟ ಎನಿಸುತ್ತದೆ. ಅವರಿಗೆ ಆದಿಕಾಂಡ 6:15 ಓದಿಸಿ: ಉದ್ದ 300 ಮೊಳ, ಅಗಲ 50, ಎತ್ತರ 30. ಹತ್ತು ಮೊಳಕ್ಕೆ ಒಂದು ಸೆಂ.ಮೀ. ಲೆಕ್ಕ ಹಿಡಿದರೆ 30, 5, 3 ಸೆಂ.ಮೀ. ಚಾರ್ಟ್ ಪೇಪರಿನಲ್ಲಿ 36 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲದ ತುಂಡು ಕತ್ತರಿಸಿ, ನಾಲ್ಕೂ ಅಂಚಿನಿಂದ 3 ಸೆಂ.ಮೀ. ಒಳಗೆ ಗೆರೆ ಎಳೆದು, ಖಾಲಿ ಬಾಲ್‌ಪೆನ್ನಿನಿಂದ ಒತ್ತಿ, ಪ್ರತಿ ಮೂಲೆಯಲ್ಲೂ ಒಂದೊಂದೇ ಕತ್ತರಿ ಹಾಕಿ ಮಡಿಸಿದರೆ ನಾವೆ ನಿಲ್ಲುತ್ತದೆ. ಮೂಲೆಯ ಚೌಕಗಳೇ ಅಂಟಿಸುವ ಕಿವಿಗಳು. ಅವನ್ನು ಕತ್ತರಿಸಿ ಬಿಸಾಡುವುದೇ ಇಲ್ಲಿನ ಮಾಮೂಲಿ ತಪ್ಪು. ಪಕ್ಕದ ಗೋಡೆಯಲ್ಲಿ ಒಂದೊಂದು ಸೆಂ.ಮೀ. ಅಂತರಕ್ಕೆ ಎರಡು ಗೆರೆ ಎಳೆದರೆ ಮೂರು ಅಂತಸ್ತು, ಒಂದು ಬಾಗಿಲು. ಇದು ಚಿತ್ರಪುಸ್ತಕದ ಗುಂಡು ದೋಣಿಯಂತೆ ಇಲ್ಲವಲ್ಲ ಎಂದು ಅವರೇ ಕೇಳುತ್ತಾರೆ. ಆಗ ಬೈಬಲನ್ನು ಅವರ ಕೈಗೇ ಕೊಟ್ಟು, ಆ ವಚನವನ್ನು ಮತ್ತೊಮ್ಮೆ ಓದಿಸಿ.

9. ಕೈ ಮೀರುತ್ತಿದೆ ಎನ್ನುವ ಸೂಚನೆಗಳು

ಮೂರು ಮಕ್ಕಳು ಒಮ್ಮೆಗೇ "ಟೀಚರ್, ನನಗೆ ಬರುವುದಿಲ್ಲ" ಎಂದರೆ ತಪ್ಪು ಮಕ್ಕಳದ್ದಲ್ಲ, ನಿಮ್ಮ ಹಂತ ದೊಡ್ಡದಾಯಿತು. ಎಲ್ಲರ ಕೈ ನಿಲ್ಲಿಸಿ, ಆ ಹಂತವನ್ನು ಎರಡಾಗಿ ಒಡೆದು ತೋರಿಸಿ. ಎಡಗೈ ಬಳಸುವ ಮಗು ಕತ್ತರಿಯೊಂದಿಗೆ ಹೆಣಗುತ್ತಿದ್ದರೆ ಬಲಗೈಗೆ ಬದಲಿಸಬೇಡಿ. ಅದಕ್ಕೆ ಕತ್ತರಿಸಿದ ತುಂಡು ಕೊಟ್ಟು, ಮಡಿಸುವ ಕೆಲಸದಲ್ಲಿ ಮುಂದಾಳು ಮಾಡಿ. ನೀವೇ ಮಕ್ಕಳ ಹಾಳೆಗಳನ್ನು ಎತ್ತಿಕೊಂಡು ಮುಗಿಸಿಕೊಡುತ್ತಿದ್ದರೆ ಮಾದರಿ ತೀರಾ ಕಷ್ಟದ್ದು, ಮುಂದಿನ ವಾರ ಸರಳ ಮಾಡಿ. ಇಡೀ ಕೋಣೆ ನಿಮ್ಮ ಮಾದರಿಯಂತೆಯೇ ಬಣ್ಣ ಹಚ್ಚುತ್ತಿದ್ದರೆ ಅದನ್ನು ಮರೆಗೆ ಇಡಿ. ಜಕ್ಕಾಯನಿಗೆ ನೇರಳೆ ಅಂಗಿ ಇದ್ದರೆ ಕಥೆ ಕೆಡುವುದಿಲ್ಲ.

ಕರಾವಳಿ, ಮಲೆನಾಡಿನಲ್ಲಿ ಜೂನ್–ಜುಲೈ ಬಂತೆಂದರೆ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ. ಎಳೆಯುವ ಪಟ್ಟಿ ಸಿಕ್ಕಿಹಾಕಿಕೊಳ್ಳುವುದು ಆಗಲೇ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಮಳೆಗಾಲದಲ್ಲಿ ಪಟ್ಟಿಯ ಕೆಲಸ ಬಿಟ್ಟು ಮಡಿಕೆಯ ಕೆಲಸ ಆರಿಸಿಕೊಳ್ಳಿ.

10. ಕೊನೆಯ ಹದಿನೈದು ನಿಮಿಷ

ಕತ್ತರಿ, ಅಂಟು ಎಲ್ಲವನ್ನೂ ಎತ್ತಿಟ್ಟ ಮೇಲೆ ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ. ಒಬ್ಬರು ಕಾಗದ ಆಡಿಸುತ್ತಾ ಕಥೆ ಹೇಳಬೇಕು, ಇನ್ನೊಬ್ಬರು ಕೇಳಬೇಕು, ಆಮೇಲೆ ಅದಲುಬದಲು. ನೀವು ಸುತ್ತ ನಡೆದು ಕಿವಿಗೊಡಿ, ತಿದ್ದಲು ಆತುರಪಡಬೇಡಿ. ಕಾಗದ ಚಲಿಸುವ ಗಳಿಗೆಯಲ್ಲಿ ಮಗು ಏನು ಹೇಳುತ್ತದೆ ಎಂಬುದನ್ನೇ ಗಮನಿಸಿ. "ಇಲ್ಲಿ ಎಳೆಯಬೇಕು" ಎಂದರೆ ಕಥೆಯನ್ನು ಮತ್ತೊಮ್ಮೆ ಹೇಳಿ. "ಜಕ್ಕಾಯಾ, ಬೇಗ ಇಳಿದು ಬಾ" ಎಂದರೆ ಕಂಠಪಾಠದ ವಾಕ್ಯಕ್ಕೆ ಹೋಗಿ.

ಮುಗಿದದ್ದನ್ನು ಅದೇ ಲಕೋಟೆಯಲ್ಲಿ ಹಾಕಿ ಮನೆಗೆ ಕಳುಹಿಸಿ. ಲಕೋಟೆಯ ಮೇಲೆ ಕಥೆ ಇರುವ ಅಧ್ಯಾಯ ಮತ್ತು ವಚನದ ಸಂಖ್ಯೆ ಬರೆದಿರಲಿ, ರಾತ್ರಿ ಮನೆಪ್ರಾರ್ಥನೆಯಲ್ಲಿ ದೊಡ್ಡವರು ಅದನ್ನು ತೆರೆದು ಓದುವಾಗ ಮಗು ತನ್ನ ಪಟ್ಟಿಯನ್ನು ಎಳೆದು ತೋರಿಸಲಿ.